ಎಲುಬಿನ ಚಾಚಾ ಮತ್ತು ಎರಡು ಹೆಸರಿನ ಡೈನೋಸಾರು

ಹೋದ ವಾರ ಹುಮನಾಬಾದ್ ಬೈಪಾಸಿನಲ್ಲಿ ತಾಡಪತ್ರಿ ಹೊದಿಸಿದ ಲಾರಿಯೊಂದು ನನ್ನ ಬೈಕಿನ ಮುಂದೆ ನಿಂತಿತ್ತು. ಒಣಗಿದ ಎಲುಬಿನ ವಾಸನೆ... ಸುಣ್ಣಕ್ಕೆ ಹಳೇ ಚರ್ಮ ಕೂಡಿಸಿದ ಹಾಂಗ. ಎಲ್ಲರೂ ಮೂಗು ಮುಚ್ಚಿದರು. ನನಗೆ ಚಾಚಾ ನೆನಪಾದರು.

ನಾನು ಕೊಹಿನೂರಿನಿಂದ ಬಂದು ಬಸವಕಲ್ಯಾಣದಲ್ಲಿ ಖೋಲಿ ಹಿಡಿದು ಬಿ.ಎಸ್ಸಿ. ಓದುತ್ತಿದ್ದೆ. ಎದುರಿಗೇ ಅವರ ತಗಡಿನ ಶೆಡ್ಡು. ಸತ್ತ ದನದ ಎಲುಬು ಕೊಂಡು ಫ್ಯಾಕ್ಟರಿಗೆ ಕಳಿಸುವ ದಂಧೆ. ಓಣಿಯಲ್ಲಿ ಯಾರದಾದರೂ ಎಮ್ಮೆ ಕಾಣದಿದ್ದರೆ ಜನ ಮೊದಲು ಚಾಚಾನ ಚೀಲ ಬಿಚ್ಚಿಸುತ್ತಿದ್ದರು. ಏನೂ ಸಿಗುತ್ತಿರಲಿಲ್ಲ. ಮುಂದಿನ ಸಲ ಮತ್ತೆ ಬಿಚ್ಚಿಸುತ್ತಿದ್ದರು. ಚಾಚಾನೂ ಯಾರನ್ನೂ ನಂಬುತ್ತಿರಲಿಲ್ಲ. ಚೀಲ ತಂದವನ ಮಾತು ಬಿಟ್ಟು ಎಲುಬನ್ನೇ ತಿರುವಿ ನೋಡುತ್ತಿದ್ದರು.

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅದರ ಸೊಕ್ಕು ಇತ್ತು, ಇಲ್ಲ ಅನ್ನಲಾರೆ. ಸೆಮಿನಾರಿಗೆ ಬಂದ ವಿಷಯ: ಅಪಟೋಸಾರಸ್, ಬ್ರಾಂಟೋಸಾರಸ್ ಎಂಬ ಉದ್ದ ಕುತ್ತಿಗೆಯ ಡೈನೋಸಾರುಗಳ ಎರಡು ಹೆಸರು ಹೇಗೆ ಒಂದಾದವು. ಸೊಂಟದಲ್ಲಿ ಕೂಡಿಕೊಂಡ ಎಲುಬು ಒಂದಕ್ಕೆ ಮೂರು, ಇನ್ನೊಂದಕ್ಕೆ ಐದು ಎಂದು ಬೇರೆ ಹೆಸರಿಟ್ಟರು. ಆಮೇಲೆ ಎರಡೂ ಒಂದೇ ಎಂದರು. ಯಾಕೆ? ನನ್ನ ನೋಟ್ಸಿನಲ್ಲಿ ಅದಿರಲಿಲ್ಲ. ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ.

"ಏ ಡಿಗ್ರಿ ಸಾಬ್, ಎಣಿಸಿದಾಂವ ಕರು ನೋಡ್ಯಾನೋ, ಎತ್ತು ನೋಡ್ಯಾನೋ?" ಎಂದರು ಚಾಚಾ. ಎರಡು ಸೊಂಟದೆಲುಬು ತಂದು ನನ್ನ ಮುಂದಿಟ್ಟರು. ಕರುವಿನದು ಬಿಡಿಬಿಡಿ. ಎತ್ತಿನದು ಒಂದೇ ಗಟ್ಟಿ. "ವಯಸ್ಸಾದಂಗ ಕೂಡ್ತಾವ. ಪುಸ್ತಕಾನೂ ನಂಬಬ್ಯಾಡ, ನನ್ನೂ ನಂಬಬ್ಯಾಡ. ಕೈಯಾಗ ಹಿಡದ ನೋಡು."

ಸೆಮಿನಾರಿನಲ್ಲಿ ಅದನ್ನೇ ಹೇಳಿದೆ. ಮೊದಲು ಸಿಕ್ಕಿದ್ದು ಇನ್ನೂ ಬೆಳೆಯದ ಪ್ರಾಣಿ, ಆಮೇಲಿನದು ಬೆಳೆದದ್ದು. ಎರಡೂ ಒಂದೇ ಅಂದಮೇಲೆ ಮೊದಲಿಟ್ಟ ಅಪಟೋಸಾರಸ್ ಹೆಸರೇ ಉಳಿಯಿತು. ಮೇಷ್ಟ್ರು ಖುಷಿಯಾಗಿ, "ಇದನ್ನ ಎಲ್ಲಿ ಓದಿದಿ?" ಎಂದರು.

"ಲೈಬ್ರರಿಯಾಗ್ರಿ ಸರ್."

ಎಲುಬಿನವರ ಹತ್ತಿರ ಕಲಿತೆ ಎನ್ನಲು ನಾಲಿಗೆ ಹೊರಳಲಿಲ್ಲ... ಸಂಜೆ ಚಾಚಾ ಕೇಳಿದರು, "ನಾ ತೋರಿಸಿದ್ದು ಅಂತ ಹೇಳಿದೇನು?"

"ಹೇಳೀನ್ರಿ ಚಾಚಾ."

ಎಲುಬು ನೋಡುವ ಹಾಗೇ ನನ್ನ ಮುಖ ನೋಡಿದರು. "ಹಾಂ" ಎಂದು ಚೀಲದ ಬಾಯಿ ಹೊಲಿಯತೊಡಗಿದರು.

ಈಗ ನಾನು ಹುಮನಾಬಾದಿನಲ್ಲಿ ಹೈಸ್ಕೂಲು ಮಾಸ್ತರ. ಈಚೆಗೆ ಕೆಲವು ಸಂಶೋಧಕರು ಕುತ್ತಿಗೆ, ಬೆನ್ನಿನ ಎಲುಬೆಲ್ಲ ತಿರುಗಿ ಅಳೆದು, ಎರಡೂ ಬೇರೆಯೇ ಎಂದು ಬ್ರಾಂಟೋಸಾರಸ್ ಹೆಸರನ್ನು ಮರಳಿ ತಂದಿದ್ದಾರೆ. ಎಲ್ಲರೂ ಒಪ್ಪಿಲ್ಲ. ಚಾಚಾನ ಕೈಗೆ ಸಿಕ್ಕಿದ್ದರೆ ಆ ಸಂಶೋಧಕರ ಚೀಲವನ್ನೂ ಬಿಚ್ಚಿಸುತ್ತಿದ್ದರು.

ಲಾರಿ ಕಂಡ ಮರುದಿನ ಬಸವಕಲ್ಯಾಣಕ್ಕೆ ಹೋದೆ. ನನ್ನ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ಶೆಡ್ಡು ಇದ್ದಲ್ಲಿ ಟೈಲ್ಸ್ ಅಂಗಡಿ. ಎಲುಬಿನ ಚಾಚಾ ಎಲ್ಲಿ, ನಾನು ಅವರ ಶಿಷ್ಯ ಎಂದೆ.

"ತೀರಿಕೊಂಡು ಭಾಳ ವರ್ಷ ಆತ್ರಿ," ಎಂದ ಅಂಗಡಿಯವನು. "ಖಬರಸ್ತಾನದಾಗ ಹೆಸರ ಹೇಳ್ರಿ, ಜಾಗಾ ತೋರಸ್ತಾರ."

"ನಾ ಚಾಚಾ ಅಂತನ ಕರೀತಿದ್ದೆರಿ," ಎಂದೆ. ಅವರ ಹೆಸರನ್ನು ನಾನೆಂದೂ ಕೇಳಿರಲಿಲ್ಲ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೆಸರ ಗೊತ್ತಿಲ್ಲ, ಮತ್ತ ಹ್ಯಾಂಗ ಶಿಷ್ಯಾ ಅಂತೀರಿ?"

ಅವನ ಸಂಶಯದಲ್ಲಿ ತಪ್ಪಿರಲಿಲ್ಲ.