ಹೆಸರಿಡದ ಕೂಸಿನ ಎಡೆ

ನನ್ನ ತಮ್ಮನದು ಬೋಳು ತಲೆ, ಬಲಗಿವಿಯ ಮೇಲೆ ಇಳಿಬಿದ್ದ ಒಂದೇ ಒಂದು ಜಡೆ. ತೊಟ್ಟಿಲಲ್ಲಿ ಮಲಗಿದ್ದಾನೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಆ ಜಡೆಯ ಮೇಲೆ ಆಡುತ್ತಿದೆ. ಬಹಳ ವರ್ಷ ಇದನ್ನು ನನ್ನ ಮೊದಲ ನೆನಪು ಅಂದುಕೊಂಡಿದ್ದೆ.

ಮೈಸೂರಿನಲ್ಲಿ ಎಂ.ಎ. ಓದುವಾಗ ಒಂದು ಮಧ್ಯಾಹ್ನ ಪ್ರಾಚೀನ ಈಜಿಪ್ಟಿನ ಮಕ್ಕಳ ಚಿತ್ರ ಕಣ್ಣಿಗೆ ಬಿತ್ತು. ಅದೇ ಬೋಳು ತಲೆ, ಅದೇ ಪಕ್ಕದ ಜಡೆ. ಅಲ್ಲಿ ಮಕ್ಕಳಿಗೆ ಹಾಗೆ ಜಡೆ ಬಿಡುತ್ತಿದ್ದರಂತೆ, ದೊಡ್ಡವರಾದ ಮೇಲೆ ಕತ್ತರಿಸುತ್ತಿದ್ದರಂತೆ. ಹೈಸ್ಕೂಲಿನ ಪುಸ್ತಕದಲ್ಲೂ ಆ ಚಿತ್ರವನ್ನು ನೋಡಿದ್ದೆ ಎಂಬುದು ಆಗ ಹೊಳೆಯಿತು. ನನ್ನ ತಮ್ಮನೋ, ಹುಟ್ಟುಗೂದಲು ತೆಗೆಯುವ ಮೊದಲೇ ತೀರಿಹೋದವನು. ತೊಟ್ಟಿಲ ಶಾಸ್ತ್ರವೂ ಆಗಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ. ಅಂದರೆ ನನ್ನ ನೆನಪಿನಲ್ಲಿ ಜಡೆ ಸುಳ್ಳು, ತೊಟ್ಟಿಲೂ ಸುಳ್ಳು. ಉಳಿದದ್ದು ಬಿಸಿಲು. ಅದೂ ಯಾವ ದಿನದ್ದೋ.

ಈಗ ನಾನು ತಿಪಟೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ಅವ್ವ, ನಾನು ತೋಟದ ಮನೆಯಲ್ಲಿದ್ದೇವೆ. ಹೋದ ವರ್ಷ ಹಿರಿಯರ ಹಬ್ಬದ ಹಿಂದಿನ ದಿನ ಅಟ್ಟ ಗುಡಿಸಲು ಹತ್ತಿದ್ದೆವು. ಮುಖ್ಯವಾಗಿ ತೆಂಗಿನಕಾಯಿ ಪಕ್ಕಕ್ಕೆ ಸರಿಸುವ ಕೆಲಸ. ತಿಂಗಳುಗಟ್ಟಲೆ ಕತ್ತಲಲ್ಲಿ ಒಣಗಿದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಇಡೀ ಉಂಡೆಯಾಗಿ, ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು. ಚಿಕ್ಕಂದಿನಲ್ಲಿ ಅದು ಅಟ್ಟದಲ್ಲಿರುವ ಹಿರಿಯರ ಮಾತು ಎಂದು ನಂಬಿದ್ದೆ. ಒಬ್ಬೊಬ್ಬರೂ ಒಂದೊಂದು ಕಾಯಿಯೊಳಗೆ ಒಣಗಿ ಕೂತು, ಅಮಾವಾಸ್ಯೆಗಾಗಿ ಕಾಯುತ್ತಿದ್ದಾರೆ.

ಕೆಲಸದ ಜೊತೆ ಮಾತಿಗಿರಲಿ ಎಂದು ಹೇಳಿದೆ. "ಈಜಿಪ್ಟಿನಲ್ಲಿ ಮಗು ಹುಟ್ಟಿದ ತಕ್ಷಣ ಹೆಸ್ರು ಇಟ್ಬಿಡೋರಂತೆ ಕಣವ್ವ. ಎಷ್ಟೋ ಸಲ ತಾಯೇ ಇಡೋಳಂತೆ."

ಅವ್ವನ ಕೈಯಲ್ಲಿದ್ದ ಕಾಯಿಯ ಸದ್ದು ನಿಂತಿತು. "ತಕ್ಷಣನೇನಾ? ಪುರುಡಿನ ನೀರು ಹಾಕೋಕ್ ಮುಂಚೆನಾ?"

"ಹೂಂ."

"ಬುದ್ಧಿವಂತ್ರು ಬುಡು," ಎಂದಳು ಅವ್ವ. ಆಮೇಲೆ ಕಾಯಿಗೇ ಹೇಳುವಂತೆ, "ಈ ಸಲ ಅವನಿಗೂ ಒಂದು ಎಲೆ ಹಾಕಾನ. ಅವನು ಹುಟ್ಟಿದ್ದ ಅನ್ನೋದು ಇನ್ನು ಯಾರಿಗ್ ನೆಪ್ಪೈತೆ? ನಾನೂ ಹೋದ್ರೆ ಮುಗೀತು."

ನಮ್ಮಲ್ಲಿ ಎಡೆ ಇಡುವುದು ಬಾಳಿ ಬದುಕಿ ಹೋದವರಿಗೆ. ಅವರವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಹೊಸ್ತಿಲಲ್ಲಿ ನಿಂತು ಕರೆದು, ಬಾಗಿಲು ಮುಚ್ಚಿ ಜಗಲಿಯಲ್ಲಿ ಕಾಯುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ. ಕೂಸುಗಳಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಮಾರನೆಯ ದಿನ ತುರುವೇಕೆರೆಯಿಂದ ಬಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಬಸ್ಸಿಳಿದ ದಣಿವಿನಲ್ಲೇ ಅದನ್ನು ಹೇಳಿದಳು. ಪ್ರತಿ ವರ್ಷ ಹಿರಿಯರನ್ನು ಕರೆಯುವವಳು ಅವಳೇ.

"ಹಲ್ಲೇ ಬರ್ದಿರೋ ಕೂಸಿಗೆ ಎಡೆನಾ? ಮುದ್ದೆ ಮುರೀತದೇನೇ ಅದು?"

"ಎಳನೀರಿನ ಗಂಜಿ ಇಕ್ತೀನಿ ಅಕ್ಕ. ನುಣ್ಣಗಿರ್ತದೆ."

"ಏನಂತ ಕರೀತೀಯ? ಹೆಸರಿಲ್ದೆ ಬಾ ಅಂದ್ರೆ ಊರೋರ್ ಕೂಸೆಲ್ಲ ಬಂದು ಕೂತ್ಕತವೆ."

ಅವ್ವ ನನ್ನ ಕಡೆ ತಿರುಗಿದಳು. "ಇವಳು ಏನೋ ಅಂತ ಕರೀತಿದ್ಲು. ದಿನಾ ಪಕ್ಕದಲ್ಲಿ ಕೂತು ಕರೀತಿದ್ಲು. ಏನಂತಿದ್ಯೇ?"

ಎಳನೀರು ತರುವ ನೆಪದಲ್ಲಿ ತೋಟಕ್ಕೆ ಹೋದೆ. ತಮ್ಮನನ್ನು ಕಾಲುವೆಯ ಪಕ್ಕ ಹೂತು, ಮೇಲೊಂದು ತೆಂಗಿನ ಸಸಿ ನೆಟ್ಟಿದ್ದರು. ಈಗ ಅಲ್ಲಿ ಎಲ್ಲ ಮರಗಳೂ ಒಂದೇ ಎತ್ತರ. ಅವ್ವ ಒಂದು ಮರ ತೋರಿಸುತ್ತಾಳೆ, ಅತ್ತೆ ಇನ್ನೊಂದು. ಈಜಿಪ್ಟಿನ ಕೆಲವು ಊರುಗಳಲ್ಲಿ ಸತ್ತ ಹಸುಗೂಸುಗಳನ್ನು ಮನೆಯ ನೆಲದ ಕೆಳಗೇ ಮಣಿಸರದ ಜೊತೆ ಹೂಳುತ್ತಿದ್ದರಂತೆ. ತಾಯಂದಿರು ಅದೇ ನೆಲ ಸಾರಿಸಿ, ಅದರ ಮೇಲೆ ರೊಟ್ಟಿಗೆ ಹಿಟ್ಟು ನಾದಿರಬೇಕು. ಹೆಸರು ಹಿಡಿದು ಕರೆಯುವವರಿರುವ ತನಕ ಸತ್ತವರು ಇರುತ್ತಾರೆಂದು ಆ ಜನ ನಂಬಿದ್ದರು. ಗರಿಗಳ ನೆರಳು ಕಾಲುವೆಯ ನೀರಿನಲ್ಲಿ ಹೆಣೆದುಕೊಂಡು ಬಿಚ್ಚಿಕೊಳ್ಳುತ್ತಿತ್ತು. ನೋಡುತ್ತಾ ನಿಂತೆ. ಒಂದು ಹೆಸರು ತಾನಾಗಿ ನಾಲಿಗೆಗೆ ಬರಬಹುದೆಂದು ಕಾದೆ. ಬರಲಿಲ್ಲ.

ಒಂದು ಹೆಸರು ಕಟ್ಟಿ ಹೇಳಬಹುದಿತ್ತು. ಗುಂಡ, ಪುಟ್ಟ, ಏನಾದರೂ ಸರಿ, ಅವ್ವ ಪರೀಕ್ಷೆ ಮಾಡುತ್ತಿರಲಿಲ್ಲ. ಆದರೆ ಅದನ್ನು ಅವಳು ಕೊನೆಯವರೆಗೂ ನಿಜವೆಂದು ಇಟ್ಟುಕೊಳ್ಳುತ್ತಿದ್ದಳು. ಪುಸ್ತಕದ ಜಡೆಯನ್ನು ತಮ್ಮನ ತಲೆಗೆ ಅಂಟಿಸಿಕೊಂಡವಳು ನಾನು. ಅಂಥದ್ದನ್ನು ಇನ್ನೊಬ್ಬರಿಗೆ ದಾಟಿಸಲು ಮನಸ್ಸಾಗಲಿಲ್ಲ.

"ನೆಪ್ಪಿಲ್ಲ ಕಣವ್ವ," ಎಂದೆ ಮನೆಗೆ ಬಂದು. ಅವಳು ಎಳನೀರು ಹೋಳು ಮಾಡಿ, ಚಮಚದಲ್ಲಿ ಗಂಜಿ ಕೆರೆಯತೊಡಗಿದಳು.

ಸಂಜೆ ಸಾಂಬ್ರಾಣಿ ಹೊಗೆಯಲ್ಲಿ ನಡುಮನೆಯ ಗೋಡೆಗಳು ದೂರ ಸರಿದಂತಿದ್ದವು. ತಾತ, ಅಜ್ಜಿ, ಅಪ್ಪನ ಎಲೆಗಳು. ಕೊನೆಯಲ್ಲಿ ಅಂಗೈಯಗಲದ ಬಾಳೆ ಕುಡಿ, ಅದರ ಮೇಲೆ ಬಿಳಿ ಗಂಜಿ, ಪಕ್ಕದಲ್ಲಿ ಮಡಿಸಿದ ಮೆತ್ತನೆಯ ಬಟ್ಟೆ ತುಂಡು. ಅತ್ತೆ ಅದನ್ನು ನೋಡಿಯೂ ನೋಡದಂತೆ ಹೊಸ್ತಿಲಿಗೆ ಬಂದು ಕರೆದಳು. "ಅಪ್ಪಯ್ಯ, ಬಾ. ಅವ್ವ, ಬಾರವ್ವ. ತಮ್ಮಯ್ಯ, ಬಾಪ್ಪ, ನಿಂಗೆ ಅವರೆಕಾಳು ಸಾರು ಮಾಡೀವಿ."

ತಮ್ಮಯ್ಯ ಎಂದದ್ದು ನನ್ನ ಅಪ್ಪನನ್ನು. ಅಷ್ಟಕ್ಕೆ ನಿಲ್ಲಿಸಿದಳು. ಅವ್ವ ಬಾಗಿಲ ಚಿಲಕದ ಮೇಲೆ ಕೈಯಿಟ್ಟಿದ್ದಳು, ಮುಚ್ಚಲಿಲ್ಲ. ಅವಳು ನೋಡುತ್ತಿದ್ದದ್ದು ಬಾಗಿಲನ್ನಲ್ಲ, ನನ್ನನ್ನು.

"ಲೇ, ಬಾರ್ಲಾ," ಎಂದುಬಿಟ್ಟೆ. "ನಿಂಗೂ ಎಲೆ ಹಾಕವ್ರೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಹಿರೀಕರನ್ನ ಹಿಂಗಾ ಕರೆಯೋದು, ಮೇಷ್ಟ್ರಮ್ಮ?"

"ಅವನೆಲ್ಲಿ ಹಿರೀಕ ಅಕ್ಕ," ಎಂದಳು ಅವ್ವ. "ಇವಳ ತಮ್ಮ ಅಲ್ವಾ?" ಬಾಗಿಲು ಮುಚ್ಚಿದಳು.

ಜಗಲಿಯಲ್ಲಿ ಮೂವರೂ ಕೂತೆವು. ತೋಟದ ಮೇಲೆ ಬೆಳಕು ಇಳಿಯುತ್ತಿತ್ತು. "ಹಂಗೇ ಕಣೇ," ಎಂದಳು ಅವ್ವ. "ಹಂಗೇ ಕರೀತಿದ್ದೆ ನೀನು." ಅವಳಿಗೆ ನಿಜವಾಗಿ ನೆನಪಾಯಿತೋ, ಆಗಷ್ಟೇ ಕೇಳಿದ್ದು ಹಿಂದಕ್ಕೆ ಹೋಗಿ ಕೂತಿತೋ, ಹೇಳಲಾರೆ.

ಎಂದಿನಷ್ಟು ಹೊತ್ತು ಆಯಿತೆನಿಸಿ ಎದ್ದು ಬಾಗಿಲ ಕಡೆ ಹೋದೆ. ಅತ್ತೆ ನನ್ನ ಸೆರಗು ಹಿಡಿದು ಎಳೆದಳು.

"ಕೂತ್ಕಳೇ ಸುಮ್ನೆ. ಕೂಸು ಉಣ್ಣೋದು ನಿಧಾನ."