ಬಾಯಿ ಬಿಡಿಸಿದ ಕೈ

ಇಂಥ ಅನುಭವಗಳನ್ನು ಯಾರಾದರೂ ಬರೆದಿದ್ದರೆ ನಾನು ತಪ್ಪದೆ ಓದುತ್ತಿದ್ದೆ, ಆದರೆ ಎಲ್ಲಿ ಎಡವಿದ್ದಾರೆ ಎಂದು ಹುಡುಕುವುದಕ್ಕೆ. ನಾನು ಓದಿದ್ದು ಸಂಖ್ಯಾಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್. ಕಾಕತಾಳೀಯ ಎಂಬುದು ಜನ ತಿಳಿದಿರುವುದಕ್ಕಿಂತ ಎಷ್ಟು ಸಾಮಾನ್ಯ ಎಂದು ಲೆಕ್ಕ ಹಾಕಿ ತೋರಿಸುವುದು ನನಗೆ ಬಹಳ ಇಷ್ಟದ ಕೆಲಸ. ಹಾಸ್ಟೆಲ್ಲಿನಲ್ಲಿ ಗೆಳತಿಯರು ದೆವ್ವದ ಮಾತು ತೆಗೆದಾಗ ನಾನು ಒಳಗೆ ಬಂದರೆ, "ಸುಮ್ನಿರ್ರೇ, ಬಂದ್ಲು. ದೆವ್ವಕ್ಕೂ ಇಂಟರ್ನಲ್ಸ್ ಇಡ್ತಾಳೆ ಇವಳು" ಎನ್ನುತ್ತಿದ್ದರು. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಾನೆಲ್ಲಿ ಎಡವಿದ್ದೇನೆಂದು ನಿಮಗೆ ಕಂಡರೆ ನನಗೂ ಒಂದು ಭಾರ ಇಳಿಯುತ್ತದೆ.

ನಾಲ್ಕೈದು ವರ್ಷದ ಹಿಂದಿನ ಮಾತು, ಇಂಟರ್ನೆಟ್ ಇನ್ನೂ ಮನೆಯ ಫೋನ್ ಲೈನಿನಲ್ಲೇ ಬರುತ್ತಿದ್ದ ಕಾಲ. ಎಂ.ಎಸ್ಸಿ. ಮುಗಿದಿತ್ತು. ವಿಜಯನಗರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದೇನೆಂದು ಅಪ್ಪ ಅಮ್ಮ ತಿಳಿದಿದ್ದರು. ಅರ್ಜಿಯೂ ಹಾಕುತ್ತಿದ್ದೆ. ಆದರೆ ಹೆಚ್ಚಿನ ಹೊತ್ತು ಚಿತ್ರ ಬರೆಯುತ್ತಿದ್ದೆ. ಆಗ ಇಂಟರ್ನೆಟ್ಟಿನಲ್ಲಿ ಒಂದು ಬಗೆಯ ಚಿತ್ರಫಲಕಗಳಿದ್ದವು. ಆ ಪುಟ ತೆರೆದರೆ ಅಲ್ಲೇ ಒಂದು ಬಿಳಿ ಹಾಳೆ, ಅಲ್ಲೇ ಕುಂಚ. ಬರೆದು ಮುಗಿಸಿದರೆ ಎಲ್ಲರಿಗೂ ಕಾಣುತ್ತಿತ್ತು. ಅದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಇನ್ನೊಂದು ಸೌಲಭ್ಯ. ಚಿತ್ರದ ಕೆಳಗಿನ ಗುಂಡಿ ಒತ್ತಿದರೆ ಅದನ್ನು ಬರೆದ ಬಗೆಯೆಲ್ಲ ಮೊದಲ ಗೆರೆಯಿಂದ ಕೊನೆಯವರೆಗೆ ಸಿನಿಮಾದಂತೆ ಓಡುತ್ತಿತ್ತು. ಯಾರು ಕಣ್ಣಿನಿಂದ ಶುರುಮಾಡುತ್ತಾರೆ, ಯಾರು ಎಲ್ಲಿ ಅಳಿಸುತ್ತಾರೆ, ಯಾರಿಗೆ ಕೈಬೆರಳೆಂದರೆ ಹೆದರಿಕೆ, ಎಲ್ಲ ಗೊತ್ತಾಗುತ್ತಿತ್ತು. ಯಾವ ಕ್ಲಾಸಿಗೂ ಹೋಗಿ ಕಲಿಯುವ ಧೈರ್ಯವಿಲ್ಲದ ನನಗೆ ಜಗತ್ತಿನ ಎಷ್ಟೋ ಜನರ ಹೆಗಲ ಹಿಂದೆ ನಿಂತು ನೋಡುವ ಅವಕಾಶ ಸಿಕ್ಕಿತ್ತು. ಮೌಸ್ ಹಿಡಿದು ಬರೆಯುವುದೆಂದರೆ ಮುಷ್ಟಿ ಕಟ್ಟಿಕೊಂಡು ರಂಗೋಲಿ ಇಟ್ಟ ಹಾಗೆ. ಆದರೂ ಬೆಳಿಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದುದು ಅದೇ. ಕಿವಿಯನ್ನು ಎಲ್ಲಿ ಕೂರಿಸಬೇಕೆಂದು ಯಾರೋ ನನಗೆ ಹೇಳಿಕೊಟ್ಟರು. ಸೀರೆಯ ನೆರಿಗೆ ಹೇಗೆ ಬೀಳುತ್ತದೆಂದು ನಾನು ಯಾರಿಗೋ ಬರೆದು ತೋರಿಸಿದೆ. ಅಮ್ಮ ಒಳಗಿಂದ, "ಫೋನ್ ಬಿಡೇ, ನಿಮ್ಮ ಮಾವ ಮಾಡಿದ್ರೆ ಬರೀ ಎಂಗೇಜ್ ಬರುತ್ತಂತೆ" ಎಂದು ಕೂಗುವವರೆಗೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಅಲ್ಲಿ ನನ್ನ ಹೆಸರು ಮೊಂಡುಸೀಸ. ಹೆಣ್ಣೋ ಗಂಡೋ ಯಾರಿಗೂ ಹೇಳಿರಲಿಲ್ಲ. ಆ ಹೆಸರು ನೋಡಿಯೇ ಒಬ್ಬ ಕನ್ನಡದವನು ನನ್ನನ್ನು ಪತ್ತೆ ಹಚ್ಚಿದ. ಅಲ್ಲಿ ಅವನ ಹೆಸರು ಗಿರ್ಮಿಟ್, ಅವರ ಕಡೆಯ ಮಂಡಕ್ಕಿ ತಿಂಡಿಯ ಹೆಸರು. ಹುಬ್ಬಳ್ಳಿ ಕಡೆಯಿಂದ ಇಂಜಿನಿಯರಿಂಗ್ ಓದಲು ಬಂದು ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದ ಹುಡುಗ. ಎಮ್ಮೆ ಮತ್ತು ಬಸ್ಸು ಬಿಟ್ಟರೆ ಬೇರೇನೂ ಬರೆಯುತ್ತಿರಲಿಲ್ಲ, ಆದರೆ ಕಣ್ಣು ಬಹಳ ಚುರುಕು. ನನಗೆ ಅವನು ಬರೆದ ಮೊದಲ ಮಾತು: "ದೋಸ್ತ, ಚಿತ್ರ ಭಾಳ ಛಲೋ ಅದ. ಆದ್ರ ಹುಡುಗಿಗೆ ಆರು ಬೆರಳ ಅದಾವಲೇ, ಎಣಿಸಿ ನೋಡು." ಎಣಿಸಿ ನೋಡಿದೆ, ನಿಜವಾಗಿತ್ತು. ಅವನು ನನ್ನನ್ನು ಗಂಡಸೆಂದೇ ತಿಳಿದಿದ್ದ. ನಾನು ತಿದ್ದಲಿಲ್ಲ. ಮುಖ ಕಾಣದ ಆ ಸಲಿಗೆ ನನಗೆ ಹಿತವಾಗಿತ್ತು.

ಆ ವರ್ಷ ನನ್ನ ತಲೆಯಲ್ಲಿ ಒಂದೇ ಒಂದು ಚಿತ್ರವಿತ್ತು. ಅಮ್ಮ ಹುಟ್ಟಿ ಬೆಳೆದದ್ದು ಮೂಡಲಪಾಳ್ಯದಲ್ಲಿ, ಅಲ್ಲಿ ಇನ್ನೂ ರಾಗಿ ಹೊಲಗಳಿದ್ದ ಕಾಲದಲ್ಲಿ. ಅವಳು ತೀರಾ ಚಿಕ್ಕವಳಾಗಿದ್ದಾಗಲೇ ಅವಳ ತಾಯಿ ಹೋಗಿಬಿಟ್ಟರು. ಅಜ್ಜಿಯ ಒಂದೂ ಫೋಟೋ ಇಲ್ಲ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಎಲ್ಲರ ಫೋಟೋ ಸಾಲಾಗಿ ನಿಲ್ಲುತ್ತದೆ, ಅಜ್ಜಿಯ ಜಾಗದಲ್ಲಿ ಮಾತ್ರ ಒಂದು ಕಳಶ. ಅಮ್ಮ ಎಲ್ಲ ಫೋಟೋಗಳಿಗೂ ಕುಂಕುಮ ಇಟ್ಟು ಕೊನೆಗೆ ಕಳಶದ ಮುಂದೆ ಬಂದಾಗ ಅವಳ ಕೈ ಒಂದು ಕ್ಷಣ ಎಲ್ಲಿ ಇಡಲಿ ಎಂದು ನಿಲ್ಲುತ್ತಿತ್ತು. ಈ ಸಲದ ಅಮಾವಾಸ್ಯೆಗೆ ಅಲ್ಲಿ ಒಂದು ಮುಖ ಇರಬೇಕೆಂದು ನಿಶ್ಚಯ ಮಾಡಿದ್ದೆ. ಗೀಚುತ್ತಾ ಕೂತ ನನ್ನ ದಿನಗಳೂ ಆಗ ಸಾರ್ಥಕ ಅನಿಸಬಹುದೆಂಬ ಆಸೆಯೂ ಇತ್ತು.

ಅಮ್ಮನಿಗೆ ಹೇಳಿದಾಗ, "ಮೊದಲು ಕೆಲಸ ನೋಡ್ಕೋ ಹೋಗು" ಎಂದಳು. ಆದರೆ ನಾನು ಕಾಗದದಲ್ಲಿ ಬರೆದು ತಂದ ಒಂದೊಂದನ್ನೂ ಕೈ ಒರೆಸಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ, "ಇಲ್ಲ ಕಣೇ, ಹಿಂಗಲ್ಲ" ಎಂದು ವಾಪಸು ಕೊಡುತ್ತಿದ್ದಳು. ಏನು ತಪ್ಪು ಎಂದರೆ ಅವಳಿಗೂ ಗೊತ್ತಿರಲಿಲ್ಲ. ಮೂಗು ಅದೇ, ಹಣೆ ಅದೇ, ಆದರೂ ಇವಳಲ್ಲ.

ಇದನ್ನು ಗಿರ್ಮಿಟ್‌ಗೆ ಬರೆದೆ. ಅವನ ಉತ್ತರ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನಿಮ್ಮವ್ವ ಆವಾಗ ಎಷ್ಟ ಎತ್ತರ ಇದ್ಲು? ಅಲ್ಲಿಂದ ನೋಡಿ ತಗಿ. ನೀ ನಿನ್ನ ಎತ್ತರದಿಂದ ತಗದ್ರ ಆಕಿಗೆ ಗುರ್ತ ಹೆಂಗ ಸಿಗಬೇಕು?"

ಎಷ್ಟು ಸರಳ! ಚಿಕ್ಕ ಮಗು ತಾಯಿಯನ್ನು ನೋಡುವುದು ಕೆಳಗಿನಿಂದ. ಗಲ್ಲದ ಅಡಿ, ಮೂಗಿನ ಹೊಳ್ಳೆ, ಅದರಾಚೆ ಸಣ್ಣಗಾದ ಹಣೆ. ಫಲಕದಲ್ಲೇ ಹೊಸದಾಗಿ ಶುರುಮಾಡಿದೆ. ಅಡಿಗೆಮನೆಯಲ್ಲಿ ಅಮ್ಮನನ್ನು ಬೇರೆ ರೀತಿ ಕೇಳತೊಡಗಿದೆ. ತಲೆ ಬಾಚುವಾಗ ಎಲ್ಲಿ ಕೂರಿಸಿಕೊಳ್ಳುತ್ತಿದ್ದರು? ತೊಡೆಯ ಮೇಲೆ ಮಲಗಿದರೆ ಏನು ಕಾಣುತ್ತಿತ್ತು? ಅಮ್ಮನ ಕಣ್ಣು ಎಲ್ಲೋ ಹೋಗುತ್ತಿತ್ತು. "ಕುತ್ತಿಗೇಲಿ ಎರಡು ಮಡಿಕೆ ಇತ್ತು. ಗಲ್ಲದ ಕೆಳಗೆ ಒಂದು ಹಸಿರು ಹಚ್ಚೆ ಚುಕ್ಕಿ." ಒಂದೊಂದು ಮಾತಿಗೂ ಓಡಿಹೋಗಿ ಒಂದೊಂದು ಗೆರೆ ಸೇರಿಸುತ್ತಿದ್ದೆ. ಪರೀಕ್ಷೆಗೆ ಓದುವಾಗಲೂ ನನಗೆ ಅಂಥ ಉತ್ಸಾಹ ಇರಲಿಲ್ಲ. ಕೊನೆಗೆ ಉಳಿದದ್ದು ಬಾಯಿ ಒಂದೇ. ಅದನ್ನು ಕೇಳಿದರೆ ಮಾತ್ರ ಅಮ್ಮ, "ಬಾಯಿ ನೆನಪಾಗ್ತಿಲ್ಲ ಕಣೇ" ಎನ್ನುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಅಪ್ಪ ಕೆಲಸಕ್ಕೆ ಹೋಗಿದ್ದರು. ದೇವರ ಫೋಟೋಗಳಲ್ಲಿ ಇರುವಂಥ ಶಾಂತವಾದ, ಮುಚ್ಚಿದ ತುಟಿಗಳನ್ನು ಬರೆದು ಬರೆದು ಅಳಿಸಿ, ಬೇಸತ್ತು, ಬಾಯಿಯ ಜಾಗ ಖಾಲಿ ಬಿಟ್ಟು, 'ಅಪೂರ್ಣ' ಎಂದು ಗುರುತು ಹಾಕಿ ಉಳಿಸಿದೆ. ಹಾಗೆ ಉಳಿಸಿದ ಚಿತ್ರವನ್ನು ಮುಂದುವರಿಸಬೇಕಾದರೆ ನನ್ನ ಪಾಸ್‌ವರ್ಡ್ ಬೇಕು. ಉಳಿಸಿ ಕೈ ತೆಗೆದೆ, ಕರೆಂಟ್ ಹೋಯಿತು. ಇಡೀ ಬೀದಿಯಲ್ಲಿ ಇರಲಿಲ್ಲ. ಹಿತ್ತಿಲಿಗೆ ಹೋಗಿ ಅಮ್ಮನ ಜೊತೆ ಎಡೆಗೆ ಬೇಕಾದ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತೆ. ಇಬ್ಬರೂ ಅಲ್ಲಿಂದ ಏಳಲಿಲ್ಲ.

ಕರೆಂಟ್ ಬಂದಮೇಲೆ ಕೈ ತೊಳೆದುಕೊಂಡು ಮತ್ತೆ ಆ ಪುಟ ತೆರೆದೆ. ನನ್ನ ಚಿತ್ರ ಎಲ್ಲಕ್ಕಿಂತ ಮೇಲಿತ್ತು. 'ಪೂರ್ಣ' ಎಂದಿತ್ತು. ಆ ಮುಖಕ್ಕೆ ಬಾಯಿ ಬಂದಿತ್ತು.

ನನಗೆ ಮೊದಲು ಹೆದರಿಕೆಯಾಗಲಿಲ್ಲ, ನಿಜ ಹೇಳುತ್ತೇನೆ. ಆದದ್ದು ಸಂತೋಷ. ಎಂಥ ಬಾಯಿ ಅದು! ಪೂರ್ತಿ ತೆರೆದು ನಗುತ್ತಿತ್ತು. ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಕೆಳತುಟಿ ಒಂದು ಕಡೆಗೆ ಎಳೆದುಕೊಂಡಿತ್ತು. ನಾನು ಇಷ್ಟು ದಿನ ಬರೆದಿದ್ದ ಕಣ್ಣುಗಳೂ ಆ ಬಾಯಿಯಿಂದಾಗಿಯೇ ನಗುವಂತೆ ಕಂಡವು. ಗುಂಡಿ ಒತ್ತಿ ಬರೆದ ಬಗೆ ನೋಡಿದೆ. ಮೊದಲು ನನ್ನ ಗೆರೆಗಳು: ಬರೆದು, ಅಳಿಸಿ, ಅನುಮಾನಿಸಿ, ಮತ್ತೆ ಬರೆದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಕೈ ಬಂತು. ಒಂದು ಸಲವೂ ಅಳಿಸಲಿಲ್ಲ. ನಾವೆಲ್ಲ ತುಟಿಗಳ ನಡುವಿನ ಗೆರೆಯಿಂದ ಶುರುಮಾಡಿದರೆ ಅದು ಶುರುಮಾಡಿದ್ದು ಆ ಸೊಟ್ಟ ಹಲ್ಲಿನಿಂದ. ಹಲ್ಲು ಬರೆದು, ಅದರ ಸುತ್ತ ನಗುವನ್ನು ಕಟ್ಟಿತು. ಕೊನೆಗೆ ಗಲ್ಲದ ಕೆಳಗೆ ಓರೆ ಗೆರೆಗಳನ್ನು ಎಳೆದು ನೆರಳು ತುಂಬಿ ನಿಂತಿತು.

ಗಿರ್ಮಿಟ್ ಆಗಲೇ ಕೆಳಗೆ ಬರೆದಿದ್ದ: "ದೋಸ್ತ, ಇದು ಚಿತ್ರ ಅಂದ್ರ! ಆದ್ರ ನೀ ಎಡಗೈಯಾಂವ ಅಂತ ಹೇಳೇ ಇರ್ಲಿಲ್ಲಲೇ." ಬಲಗೈಯವರು ಓರೆ ಗೆರೆ ಎಳೆದರೆ ಅದು ಒಂದು ಕಡೆಗೆ ವಾಲುತ್ತದೆ, ಎಡಗೈಯವರದು ಅದಕ್ಕೆ ವಿರುದ್ಧವಾಗಿ. ನೋಡಿದೆ. ಹಣೆಯ ಮೇಲಿನ ನನ್ನ ನೆರಳು ಒಂದು ಕಡೆಗೆ, ಗಲ್ಲದ ಕೆಳಗಿನದು ಇನ್ನೊಂದು ಕಡೆಗೆ ವಾಲಿತ್ತು. ಆಗ ಹೆದರಿಕೆಯಾಯಿತು. ಇದು ನಿನ್ನ ಕೆಲಸವೇ ಎಂದು ಕೇಳಿದೆ. "ನಿನ್ನ ಪಾಸ್‌ವರ್ಡ್ ನನಗ್ಹೆಂಗ ಗೊತ್ತಲೇ? ಕೆಂಗೇರ್ಯಾಗೂ ಕರೆಂಟ್ ಇರ್ಲಿಲ್ಲ, ಈಗಷ್ಟ ಬಂತು. ಎಲ್ಲಮ್ಮನ ಆಣಿ, ನಾ ಬರದ್ರ ಅದು ಎಮ್ಮಿ ಆಗ್ತಿತ್ತು."

ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಏನೂ ಹೇಳದೆ ಮೊದಲಿಂದ ಓಡಿಸಿದೆ. ಅವಳು ಸೆರಗಿನ ತುದಿ ಹಿಡಿದುಕೊಂಡು ನೋಡುತ್ತಿದ್ದಳು. ಹಲ್ಲು ಮೂಡಿತು, ತುಟಿ ಮೂಡಿತು.

"ಅಯ್ಯೋ! ಪುಟ್ಟಕ್ಕ!" ಅಮ್ಮ ಎದ್ದು ನಿಂತಳು. ಹಣೆ ಹಣೆ ಚಚ್ಚಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು. "ಎದುರುಮನೆ ಪುಟ್ಟಕ್ಕ ಕಣೇ ಇವಳು! ಎಲ್ಲಿ ಸಿಕ್ಕಿದ್ಲೇ ನಿಂಗೆ?"

ಅಜ್ಜಿ ಕಾಯಿಲೆಯಾಗಿ ಒಳಕೋಣೆಯಲ್ಲಿ ಮಲಗಿದ್ದರಂತೆ. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅಮ್ಮನಿಗೆ ನೀರು ಹಾಕಿ, ತಲೆ ಬಾಚಿ, ಊಟ ಮಾಡಿಸಿದವಳು ಎದುರುಮನೆಯ ಈ ಪುಟ್ಟಕ್ಕ. "ಎಡಚಿ ಅವಳು. ಎಡಗೈಲಿ ತುತ್ತು ಕೊಡ್ತಾಳೆ ಅಂತ ನಮ್ಮಜ್ಜಿ ಬೈಯೋದು. ಇವಳು ಹಿಂಗೇ ಬಾಯಿಬಿಟ್ಟು ನಗೋಳು" ಎಂದಳು ಅಮ್ಮ. ಗೆರೆ ವಾಲಿದ್ದರ ಬಗ್ಗೆ ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ ನೀನು ಹೇಳಿದ್ದು ಅಜ್ಜಿಯದಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು. ಅಮ್ಮನ ನಗು ನಿಂತಿತು. "ಅಮ್ಮ ಅಂತಾನೇ ಅಂದ್ಕೊಂಡಿದ್ದೆ. ಹಾಗಾದ್ರೆ ಅಮ್ಮನ ಮುಖ ನಂಗೆ ನೆನಪೇ ಇಲ್ಲ ಅಂತಾಯ್ತು" ಎಂದಳು. ಕೊಡಲು ಹೋದವಳು ಇದ್ದದ್ದನ್ನೂ ಕಿತ್ತುಕೊಂಡೆನೇ ಅನಿಸಿತು. ಅಮ್ಮ ಮತ್ತೆ ಪರದೆಯ ಕಡೆ ತಿರುಗಿದಳು. "ಇನ್ನೊಂದ್ಸಲ ಹಾಕೇ" ಎಂದಳು. ಹಾಕಿದೆ. ನಗು ಮೂಡುವಾಗ ಅವಳದೂ ಮೂಡಿತು. "ಹೋಗ್ಲಿ ಬಿಡು. ಇವಳೂ ಬೇಕಿತ್ತು ನಂಗೆ."

ಸಂಜೆ ಅಮ್ಮ ತಾನೇ ಮಾವನಿಗೆ ಫೋನ್ ಮಾಡಿದಳು. ಮಾವ ಅವಳ ಅಣ್ಣ, ಅವರಿಗೆ ಎಲ್ಲ ನೆನಪಿತ್ತು. ಪುಟ್ಟಕ್ಕನಿಗೆ ಮಕ್ಕಳಿರಲಿಲ್ಲವಂತೆ. ಗಂಡ ಹೋದಮೇಲೆ ಕುಣಿಗಲ್ ಕಡೆ ತಮ್ಮನ ಮನೆಗೆ ಹೋಗಿ ಅಲ್ಲೇ ತೀರಿಕೊಂಡಳಂತೆ. ಆ ತಮ್ಮನೂ ಈಗಿಲ್ಲ. "ಅವಳಿಗೆ ಎಡೆ ಇಡೋರೇ ಇಲ್ಲ. ನಿಂಗ್ಯಾಕೆ ಇದ್ದಕ್ಕಿದ್ದಂಗೆ ನೆನಪಾದ್ಲು?" ಎಂದು ಮಾವ ಕೇಳಿದ್ದು ರಿಸೀವರಿನಿಂದ ನನಗೂ ಕೇಳಿಸಿತು. ಅಮ್ಮ ನನ್ನ ಮುಖ ನೋಡಿದಳು, "ಸುಮ್ನೆ ಕಣಣ್ಣ" ಎಂದಳು.

ಮರುದಿನ ಬೆಳಿಗ್ಗೆ ಚಿತ್ರವನ್ನು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿದೆ. "ನಿಮ್ಮಜ್ಜಿನಾ ಮೇಡಂ? ಸಖತ್ತಾಗಿ ನಗ್ತಾ ಇದಾರೆ" ಎಂದ ಅಂಗಡಿಯವನು. ಹೂಂ ಎಂದೆ. ಅಜ್ಜಿಯ ಕಳಶ ಎಂದಿನಂತೆ ಅದರ ಜಾಗದಲ್ಲೇ ಕೂತಿತು. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಅಮ್ಮ ಪುಟ್ಟಕ್ಕನನ್ನು ಇಟ್ಟಳು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಬೇರೆ ಯಾರದೋ ಗೆರೆಗಳು ತಪ್ಪಿ ನನ್ನ ಚಿತ್ರಕ್ಕೆ ಸೇರಿರಬಹುದೇ ಎಂದು ಫಲಕ ನಡೆಸುವವರಿಗೆ ಬರೆದೆ. ಅವರು ನಕ್ಕು, ಹಾಗೆ ಸೇರಿದರೂ ದವಡೆಗೆ ಇಷ್ಟು ಸರಿಯಾಗಿ ಹೊಂದುತ್ತದೆಯೇ ಎಂದು ಕೇಳಿದರು. ನಾನೇ ಮರೆವಿನಲ್ಲಿ ಬರೆದೆನೇ? ಹುಣಸೆಹಣ್ಣು ಹಿಡಿದ ಕೈಯಲ್ಲಿ, ಕರೆಂಟಿಲ್ಲದೆ? ಎಡಗೈಯಲ್ಲಿ ಬರೆದು ನೋಡಿದೆ. ಗಿರ್ಮಿಟ್ ಅದನ್ನು ನೋಡಿ, "ಎಮ್ಮಿನೂ ಅಲ್ಲ, ಬಸ್ಸೂ ಅಲ್ಲ" ಎಂದ. ಎರಡು ವರ್ಷಕ್ಕೆ ಆ ಫಲಕವೇ ಮುಚ್ಚಿಹೋಯಿತು. ಈಗ ಉಳಿದಿರುವುದು ಪ್ರಿಂಟ್ ಮಾತ್ರ. ಅದರಲ್ಲಿ ಚಿತ್ರವಿದೆ, ಬರೆದ ಬಗೆ ಇಲ್ಲ.

ಆ ಅಮಾವಾಸ್ಯೆಯ ಊಟ ಮುಗಿದ ಮೇಲೆ, ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಅಮ್ಮ ತಾನಾಗಿ ಬಂದು ಕಿಟಕಿಯ ಬೆಳಕಿಗೆ ಕೂತಳು. "ನನ್ನ ಬರಿ. ಹಲ್ಲು ಕಾಣ್ಲಿ" ಎಂದಳು. ಅಂದಿನಿಂದ ಅವಳನ್ನು ಎಷ್ಟು ಸಲ ಬರೆದಿದ್ದೇನೋ. ಕಣ್ಣು ಬಂದಿದೆ, ಹಣೆ ಬಂದಿದೆ, ಆ ನಗು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಆ ಮಧ್ಯಾಹ್ನ ಬಂದ ಕೈ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಇನ್ನೊಂದು ಸಲ ಬಂದರೆ ನಾನು ಕೇಳುವುದು ಯಾರು ನೀನು, ಹೇಗೆ ಬಂದೆ ಎಂದಲ್ಲ. ಹಲ್ಲಿನಿಂದ ಶುರುಮಾಡಿ ನಗುವನ್ನು ಹೇಗೆ ಕಟ್ಟಿದೆ, ಸ್ವಲ್ಪ ನಿಧಾನವಾಗಿ ಇನ್ನೊಮ್ಮೆ ತೋರಿಸು ಎಂದು ಕೇಳುತ್ತೇನೆ.