ದೇವನಕ್ಕಿ ಕಂಡ ಭಾನುವಾರ

ಗೇರೆಣ್ಣೆಯ ಕಟುವಾದ ವಾಸನೆ ಎಲ್ಲಿಂದ ಬಂದರೂ ನಾನು ಮನಸ್ಸಿನಲ್ಲೇ ಪಾಣೆಮಂಗಳೂರಿನ ಸೋದರಮಾವನ ಮನೆಯ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಮಳೆಗಾಲಕ್ಕೆ ಮುಂಚೆ ಏಣಿಗೆ, ಬೇಲಿಯ ಕಂಬಗಳಿಗೆ, ಬಾಗಿಲ ಚೌಕಟ್ಟಿಗೆ ಅತ್ತೆ ಗೇರುಬೀಜದ ಸಿಪ್ಪೆಯ ಆ ಕಪ್ಪು ಎಣ್ಣೆ ಬಳಿಯುತ್ತಿದ್ದರು, ಗೆದ್ದಲು ಹಿಡಿಯಬಾರದಲ್ಲ. ಬೆಳ್ತಂಗಡಿಯ ಒಳಗಿನ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇಲ್ಲದ್ದರಿಂದ ನಾನು ಅಲ್ಲಿದ್ದು ಓದಿದವಳು. ಅಲ್ಲಿ ಹುಟ್ಟದಿದ್ದರೂ ನಮ್ಮದಾಗಿಬಿಡುವ ಅಂಥದೊಂದು ಮನೆ ನಿಮಗೂ ಇದ್ದಿರಬಹುದು. ಅಲ್ಲಿ ಇದ್ದದ್ದು ಅತ್ತೆ, ಅವರ ಸಣ್ಣ ಮಗಳು ಶಶಿ ಮತ್ತು ನಾನು. ಮಾವ ಮಸ್ಕತ್ತಿನಲ್ಲಿದ್ದರು. ರಜೆಯಲ್ಲಿ ಬಂದಾಗ ಶಶಿ ಬಾಗಿಲ ಮರೆಯಿಂದ ಅವರನ್ನು ನೋಡುತ್ತಿದ್ದಳು. ಅಪ್ಪ ಎನ್ನಲು ಅವಳಿಗೆ ನಾಚಿಕೆ. "ಅವರಿಗೆ ಚಾ ಬೇಕಂತೆ" ಎಂದು ಅಡುಗೆಮನೆಗೆ ಬಂದು ಹೇಳುವಳು. ಅತ್ತೆ ಚಾ ಸೋಸುವರು.

ಒಂದು ಸಲ ರಜೆಗೆ ಬರುವಾಗ ಮಾವ ಒಂದು ದುರ್ಬೀನು ತಂದಿದ್ದರು. ಮಸ್ಕತ್ತಿನಲ್ಲಿ ಶುಕ್ರವಾರದ ರಜೆಗೆ ಜೊತೆಯವರೊಂದಿಗೆ ಹಕ್ಕಿ ನೋಡಲು ಹೋಗಿ ಹೋಗಿ ಅದರ ಹುಚ್ಚು ಹಿಡಿದಿತ್ತು. ಮರಳಿ ಹೊರಡುವ ದಿನ ಹತ್ತಿರ ಬಂದಿತ್ತು. ಮಳೆ ಸ್ವಲ್ಪ ಬಿಟ್ಟ ಒಂದು ಭಾನುವಾರ ಅವರೇ ಹೇಳಿದರು, "ಪುತ್ತಿಗೆಯ ಆಚೆ ದೊಡ್ಡ ಕೆರೆ ಉಂಟು, ದೋಣಿಯೂ ಸಿಗ್ತದೆ. ಎಲ್ಲರೂ ಹೋಗುವ." ನೇತ್ರಾವತಿಯ ದಡದಲ್ಲೇ ಬಾಳಿದರೂ ಅತ್ತೆ ದೋಣಿ ಹತ್ತಿದವರಲ್ಲ, ನೀರೆಂದರೆ ಅಷ್ಟು ಹೆದರಿಕೆ. ದಡದಲ್ಲಿ ಕೂರುತ್ತೇನೆ ಎಂದರು. ಅಮ್ಮ ಬಾರದಿದ್ದರೆ ತಾನೂ ಇಲ್ಲ ಎಂದು ಶಶಿ ಹಟ ಹಿಡಿದಳು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಣಿಯ ಅಂಚನ್ನು ಎರಡು ಕೈಯಲ್ಲೂ ಬಿಗಿಹಿಡಿದು ಅತ್ತೆ ಕೂತರು. ಮಾವ ಹುಟ್ಟು ಹಾಕಿದರು. ಕೆರೆ ಗದ್ದೆಗಳ ತನಕ ಹರಡಿಕೊಂಡಿತ್ತು; ತಾವರೆ ಎಲೆಗಳು ದೋಣಿಯ ಅಡಿಗೆ ಉಜ್ಜಿ ಸರಸರ ಎನ್ನುತ್ತಿದ್ದವು, ನೀರುಕಾಗೆಗಳು ಕೊರಡಿನ ಮೇಲೆ ರೆಕ್ಕೆ ಒಣಗಿಸುತ್ತಿದ್ದವು, ಕೆಸರಿನದೂ ಹೂವಿನದೂ ಬೆರೆತ ತಂಪು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಮಾವ ದೋಣಿ ನಿಲ್ಲಿಸಿ ದುರ್ಬೀನನ್ನು ಅತ್ತೆಗೆ ಕೊಟ್ಟರು. ಒಂದು ಕೈ ಬಿಡಲು ಅತ್ತೆಗೆ ಬಹಳ ಹೊತ್ತು ಬೇಕಾಯಿತು.

"ಇದೆಂಥದು, ಹಕ್ಕಿಗೆ ಇಷ್ಟು ಕಾಲು?" ಎಂದರು ಅತ್ತೆ.

"ಅದು ದೇವನಕ್ಕಿ. ಮರಿಗಳನ್ನು ರೆಕ್ಕೆಯಡಿ ಎತ್ತಿಕೊಂಡಿದೆ. ನೇತಾಡುವುದು ಅವುಗಳ ಕಾಲು. ಅದು ಗಂಡು. ಹೆಣ್ಣು ಮೊಟ್ಟೆ ಇಟ್ಟು ಹೋಗ್ತದೆ, ಕಾವು ಕೊಡುವುದು, ಸಾಕುವುದು ಎಲ್ಲ ಗಂಡೇ."

ಅತ್ತೆ ಬಹಳ ಹೊತ್ತು ನೋಡಿದರು. ದುರ್ಬೀನು ಇಳಿಸದೆಯೇ ಮೆಲ್ಲಗೆ ಹೇಳಿದರು, "ನಾಳೆ ಶಶಿಯ ಜಡೆ ನೀವು ಹಾಕಿ."

ಮಾವ ದೋಣಿಯನ್ನು ದಡದ ಕಡೆ ತಿರುಗಿಸಿದರು. ಮರುದಿನ ಜಗಲಿಯಲ್ಲಿ ಕೂತು, ತೆಂಗಿನೆಣ್ಣೆ ಹಚ್ಚಿ, ಅಭ್ಯಾಸವಿಲ್ಲದ ಬೆರಳುಗಳಲ್ಲಿ ಜಡೆ ಹಾಕಿದರು. ಒಂದು ಜಡೆ ಮೇಲೆ, ಒಂದು ಕೆಳಗೆ. ಸರಿಮಾಡಲು ನಾನು ಕೈ ಚಾಚಿದರೆ ಶಶಿ ಬಿಡಲಿಲ್ಲ. "ಅಪ್ಪ ಹಾಕಿದ್ದು" ಎಂದು ಹಾಗೆಯೇ ಶಾಲೆಗೆ ನಡೆದಳು. ಮಾವ ಮಸ್ಕತ್ತಿನ ವಿಮಾನ ಹತ್ತಲಿಲ್ಲ. ಸೇತುವೆಯ ಹತ್ತಿರ ಬೀಜ, ಗೊಬ್ಬರದ ಸಣ್ಣ ಅಂಗಡಿ ಇಟ್ಟರು. ಕೈ ಬಿಗಿಯಾಗಿಯೇ ನಡೆದ ವರ್ಷಗಳು, ಆದರೆ ಆ ಮನೆಯಲ್ಲಿ ಅಷ್ಟು ನಗು ಕೇಳಿದ್ದು ಆಗಲೇ.

ಹೆದ್ದಾರಿ ಅಗಲವಾದಾಗ ಮನೆ ಹೋಯಿತು. ಮಾವ ತೀರಿಕೊಂಡರು. ಅತ್ತೆ ಈಗ ಮೂಡಬಿದಿರೆಯಲ್ಲಿ, ಶಶಿಯ ಜೊತೆ. ಕಳೆದ ಮಳೆ ಮುಗಿದ ಮೇಲೆ ನಾವಿಬ್ಬರೂ ಅವರನ್ನು ಆ ಕೆರೆಗೆ ಕರೆದುಕೊಂಡು ಹೋದೆವು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು, ದೋಣಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಆರಾಮವಾಗಿ ಕೂತರು. ಬಿಸಿಲು ಇಳಿಯಿತು. ನಿದ್ದೆ ಬಂತೇನೋ ಎಂದುಕೊಂಡು ಕೇಳಿದೆ, "ವಾಪಸು ಹೋಗುವಾ ಅತ್ತೆ?"

"ಇರು ಮಗಾ," ಎಂದರು. "ನಿನ್ನ ಮಾವನಿಗೆ ಈ ಹೊತ್ತೆಂದರೆ ಇಷ್ಟ."

ನಾವು ಕೂತೇ ಇದ್ದೆವು.